ಕೊನೆಯ ಪುಟದ ಒಂಟಿ ಸಾಲು

ಯಾವುದೇ ಆಫೀಸಿನಲ್ಲಿ ಪ್ರಿಂಟರ್ ಪಕ್ಕದ ಕಸದ ಬುಟ್ಟಿ ನೋಡಿ. ಮೇಲೆ ವೆಬ್ ವಿಳಾಸ, ಕೆಳಗೆ ಪುಟ ಸಂಖ್ಯೆ, ನಡುವೆ ಒಂದೇ ಒಂದು ಸಾಲು. ಅಂಥ ಹಾಳೆ ಸಿಕ್ಕೇ ಸಿಗುತ್ತದೆ. ಅದನ್ನು ಯಾರೂ ಬೇಕು ಅಂತ ಪ್ರಿಂಟ್ ಮಾಡಿರುವುದಿಲ್ಲ. ಇಂಟರ್‌ಫೇಸ್, ಅಂದರೆ ಬಳಸುವವರಿಗೆ ಕಾಣುವ ಪರದೆ-ಬಟನ್‌ಗಳ ವಿನ್ಯಾಸ ಮಾಡುವ ನಮ್ಮಂಥವರು ಸರಿಯಾಗಿ ಯೋಚಿಸದೇ ಇದ್ದುದಕ್ಕೆ ಅದು ಹೊರಗೆ ಬಂದಿರುತ್ತದೆ.

'ಪ್ರಿಂಟ್ ಮಾಡುವ ಮುನ್ನ ಯೋಚಿಸಿ' ಅಂತ ಇಮೇಲ್ ಕೊನೆಗೆ ಹಸಿರು ಅಕ್ಷರದಲ್ಲಿ ಬರೆಯುತ್ತಾರಲ್ಲ, ಅದರಲ್ಲಿ ನನಗೆ ನಂಬಿಕೆಯಿಲ್ಲ. (ಎಷ್ಟೋ ಸಲ ಆ ಸಾಲೇ ಇನ್ನೊಂದು ಹಾಳೆ ತಿಂದಿರುತ್ತದೆ.) ಸ್ವೀಡನ್ನಿನ ಒಂದು ದೊಡ್ಡ ವಿಶ್ವವಿದ್ಯಾಲಯದಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಕಾಗದ ಉಳಿಸಿ ಎಂಬ ಮನವಿಯಿಂದ ಏನೂ ಆಗಲಿಲ್ಲ. ಡೀಫಾಲ್ಟ್ ಅನ್ನು, ಅಂದರೆ ಮೊದಲೇ ಇಟ್ಟಿರುವ ಸೆಟ್ಟಿಂಗನ್ನು, ಎರಡೂ ಬದಿಯ ಪ್ರಿಂಟಿಗೆ ಬದಲಿಸಿದಾಗ ಬಳಕೆ ಸುಮಾರು ಶೇ. 15ರಷ್ಟು ಇಳಿಯಿತು. ಸೆಟ್ಟಿಂಗ್ಸ್ ತೆರೆದು ನೋಡುವವರು ಕಡಿಮೆ. ನಾವು ಏನಿಟ್ಟಿರುತ್ತೇವೋ ಅದೇ ನಡೆಯುತ್ತದೆ. ಹಾಗಂತ 'ಒಂದೇ ಬದಿ' ಆಯ್ಕೆಯನ್ನು ಒಳಗೆಲ್ಲೋ ಬಚ್ಚಿಡಬಾರದು. ಬೇಕಾದವರಿಗೆ ಅದು ಸಿಗದಿದ್ದರೆ ಎರಡು ಸಲ ಪ್ರಿಂಟ್ ಹಾಕುತ್ತಾರೆ, ಅಷ್ಟೇ.

ವೆಬ್ ಪುಟದ ಪ್ರಿಂಟಿಗೆ ಬೇರೆಯದೇ ಸ್ಟೈಲ್ ಬರೆಯುವ ಸೌಲಭ್ಯ 1998ರ ಸಿಎಸ್ಎಸ್ 2ರಿಂದಲೂ ಇದೆ (ಸಿಎಸ್ಎಸ್ ಅಂದರೆ ವೆಬ್ ಪುಟ ಹೇಗೆ ಕಾಣಬೇಕು ಅಂತ ಹೇಳುವ ಭಾಷೆ). ಮೆನು, ಜಾಹೀರಾತು, ಶೇರ್ ಬಟನ್‌ಗಳನ್ನು ಮರೆಮಾಡಲು ಕೆಲವೇ ಸಾಲು ಸಾಕು. ಆದರೂ ಬಹಳ ಜನ ಬರೆಯುವುದೇ ಇಲ್ಲ.

ಸ್ಪ್ರೆಡ್‌ಶೀಟಿನ ಕಥೆ ಇನ್ನೂ ಕೆಟ್ಟದು. ಕೊನೆಯ ಕಾಲಂ ಒಂಚೂರು ಅಗಲವಾದರೆ ಸಾಕು, ಅದು ಬೇರೆ ಪುಟಗಳಿಗೆ ಹಾರುತ್ತದೆ. ಹತ್ತು ಪುಟ ಇದ್ದದ್ದು ಇಪ್ಪತ್ತಾಗುತ್ತದೆ. ಕಾಲಂಗಳನ್ನೆಲ್ಲ ಒಂದೇ ಪುಟದ ಅಗಲಕ್ಕೆ ಹೊಂದಿಸುವ ಆಯ್ಕೆ ಇರುತ್ತದೆ, ಆದರೆ ಅದು ಇದೆ ಅಂತ ಗೊತ್ತಿದ್ದವರಿಗೆ ಮಾತ್ರ. ನಾನಾದರೆ ಪ್ರಿವ್ಯೂ ಮೇಲೆಯೇ ಬರೆಯುತ್ತೇನೆ: 'ಕೊನೆಯ ಕಾಲಂ ಬೇರೆ ಪುಟಕ್ಕೆ ಹೋಗುತ್ತಿದೆ. ಈಗ 20 ಪುಟ, ಹೊಂದಿಸಿದರೆ 10.' ಪಕ್ಕದಲ್ಲೇ 'ಹೊಂದಿಸಿ' ಬಟನ್. ಕಾಡು, ಮರ, ಭೂಮಿಯ ಮಾತು ಅಲ್ಲಿ ಬೇಡ. ಲೆಕ್ಕ ಕಂಡರೆ ಜನ ತಾವೇ ಒತ್ತುತ್ತಾರೆ.

ಇಷ್ಟೆಲ್ಲ ಮಾಡಿದರೂ ಪ್ರಿಂಟ್ ಯಾಕೆ ತೆಗೆಯುತ್ತಾರೆ ಅನ್ನುವುದನ್ನು ಪಕ್ಕದಲ್ಲಿ ಕೂತೇ ನೋಡಬೇಕು. ಒಂದು ಸ್ಕ್ರೀನಿನಲ್ಲಿ ಬರುವ ನಂಬರನ್ನು ಮುಂದಿನ ಸ್ಕ್ರೀನಿನಲ್ಲಿ ತುಂಬಬೇಕು, ಹಿಂದಕ್ಕೆ ಹೋದರೆ ತುಂಬಿದ್ದೆಲ್ಲ ಅಳಿಸಿಹೋಗುತ್ತದೆ. ಬಳಸುವವರು ಇನ್ನೇನು ಮಾಡಿಯಾರು? ಮೊದಲ ಸ್ಕ್ರೀನನ್ನು ಪ್ರಿಂಟ್ ತೆಗೆದು ಕೀಬೋರ್ಡ್ ಪಕ್ಕ ಇಟ್ಟುಕೊಳ್ಳುತ್ತಾರೆ. ಅವರ ಮಟ್ಟಿಗೆ ಅದು ಸರಿಯಾದ ಉಪಾಯವೇ. ಇದಕ್ಕೆ ಪ್ರಿಂಟರ್ ಸೆಟ್ಟಿಂಗ್ ಮದ್ದಲ್ಲ. ಆ ನಂಬರನ್ನು ಮುಂದಿನ ಸ್ಕ್ರೀನಿಗೂ ತಂದರೆ ಆ ಪ್ರಿಂಟ್ ತಾನಾಗಿಯೇ ನಿಲ್ಲುತ್ತದೆ. ಎರಡು ಕಡತ ಹೋಲಿಸಲು, ಅಂಚಿನಲ್ಲಿ ಗುರುತು ಹಾಕಲು, ಸಹಿ ಮಾಡಲು ತೆಗೆಯುವ ಪ್ರಿಂಟುಗಳೂ ಇದೇ ಜಾತಿಯವು. ಪರದೆಯಲ್ಲಿ ಆಗದ ಕೆಲಸಕ್ಕೆ ಕಾಗದ ಬರುತ್ತದೆ, ಅಲ್ವಾ?

ರಸೀದಿ ಮೆಷಿನ್‌ಗಳ ವಿಷಯ ಸ್ವಲ್ಪ ಬೇರೆ. ಅವುಗಳ ಥರ್ಮಲ್ ಕಾಗದಕ್ಕೆ (ಬಿಸಿ ತಾಗಿದರೆ ಅಕ್ಷರ ಮೂಡುವ ಕಾಗದ) ರಾಸಾಯನಿಕ ಲೇಪ ಇರುವುದರಿಂದ ಮಾಮೂಲಿ ರದ್ದಿಯ ಜೊತೆ ಸೇರಿಸುವುದೂ ಕಷ್ಟ. ಹಾಗಾಗಿ 'ರಸೀದಿ ಬೇಕೇ?' ಅಂತ ಮೊದಲೇ ಕೇಳಬೇಕು, ಉತ್ತರ ಬರದಿದ್ದರೆ ಸುಮ್ನೆ ಪ್ರಿಂಟ್ ಹಾಕಬಾರದು. ಆದರೆ 'ಬೇಕು' ಬಟನ್ 'ಬೇಡ' ಬಟನ್‌ನಷ್ಟೇ ದೊಡ್ಡದಾಗಿರಲಿ. ರಸೀದಿಯನ್ನು ಫೋನಿಗೇ ಕಳಿಸುತ್ತೇವೆ ಅಂದರೂ ಫೋನ್ ಇಲ್ಲದವರು, ನಂಬರ್ ಕೊಡಲು ಇಷ್ಟವಿಲ್ಲದವರು ಇರುತ್ತಾರೆ. ಕಾಗದ ಉಳಿಸುವ ನೆಪದಲ್ಲಿ ಅವರ ನಂಬರ್ ಕಲೆಹಾಕುವುದು ವ್ಯಾಪಾರವೇ ಹೊರತು ವಿನ್ಯಾಸವಲ್ಲ.