ಹಳೆಯ ಬ್ರೂಚನ್ನು ಬೋರಲು ಹಾಕಿ ನೋಡಿ

ಬ್ರಿಟನ್ನಿನ ರಾಣಿ ವಿಕ್ಟೋರಿಯಾ ಕಾಲದ್ದು (1837–1901) ಎಂದು ಯಾರಾದರೂ ಬ್ರೂಚ್ (ಬಟ್ಟೆಗೆ ಚುಚ್ಚಿಕೊಳ್ಳುವ ಪಿನ್ನಿನ ಒಡವೆ) ತೋರಿಸಿದರೆ ಮೊದಲು ಅದನ್ನು ಬೋರಲು ಹಾಕಬೇಕು. ಮುಂಬದಿಯ ಹೂಬಳ್ಳಿ, ಹಾವು, ಹೃದಯಗಳನ್ನು ಇವತ್ತಿಗೂ ಎರಕ ಹೊಯ್ಯುತ್ತಾರೆ. ಹಿಂಬದಿಗೆ ಅಷ್ಟು ಕಷ್ಟಪಡುವ ನಕಲುಗಾರರು ಕಡಿಮೆ.

ಆ ಕಾಲದ ಪಿನ್ನಿನ ತುದಿ ಸಾಮಾನ್ಯವಾಗಿ ಬ್ರೂಚಿನ ಅಂಚು ದಾಟಿ ತುಸು ಹೊರಗೆ ಚಾಚಿರುತ್ತದೆ. ಅದನ್ನು ಹಿಡಿಯುವುದು ಬಾಗಿಸಿದ ಬರಿಯ ಕೊಕ್ಕೆ. ತಿರುಗಿಸಿ ಭದ್ರಪಡಿಸುವ ಚಿಲಕ ಇಪ್ಪತ್ತನೇ ಶತಮಾನದ್ದು. ಹಾಗೆಂದು ಒಡವೆಯೇ ಹೊಸದು ಎನ್ನಲಾಗದು, ಕಳೆದುಹೋದೀತೆಂಬ ಭಯಕ್ಕೆ ಚಿಲಕ ಬದಲಿಸಿಕೊಂಡವರು ಬೇಕಾದಷ್ಟು ಜನ. ಅಂಥ ಕಡೆ ಬೂದು ಬಣ್ಣದ ಗಂಟು ಕಂಡರೆ ಅದು ಸೀಸದ ಬೆಸುಗೆ. ಅದನ್ನು ಪೂರ್ತಿ ಕೆರೆದು ತೆಗೆಯದೆ ಬೆಂಕಿ ಹಿಡಿದರೆ ಸೀಸ ಚಿನ್ನದೊಳಗೆ ಇಳಿದು ಆ ಜಾಗವನ್ನೇ ತಿಂದುಹಾಕುತ್ತದೆ.

ಇನ್ನು ಮುದ್ರೆ. ಬ್ರಿಟನ್ 1854ರಲ್ಲಿ 9, 12, 15 ಕ್ಯಾರೆಟ್‌ಗಳಿಗೆ ಅನುಮತಿ ಕೊಟ್ಟಿತು, 1932ರಲ್ಲಿ 12 ಮತ್ತು 15ನ್ನು ಕೈಬಿಟ್ಟಿತು. ಹಾಗಾಗಿ ಬ್ರಿಟಿಷ್ 15ರ ಮುದ್ರೆ ಈ ಎರಡು ವರ್ಷಗಳ ನಡುವಿನದೇ. ಅದರಲ್ಲಿ ಚಿನ್ನ ಶೇ. 62.5. ನಮ್ಮ ಹಾಲ್‌ಮಾರ್ಕ್ ಪಟ್ಟಿಯಲ್ಲಿ ಈ ದರ್ಜೆಯೇ ಇಲ್ಲದ್ದರಿಂದ ಅಂಗಡಿಯಲ್ಲಿ ಕರಗಿಸುವ ಬೆಲೆ ಹೇಳಿಬಿಡುತ್ತಾರೆ. ಒಪ್ಪಬೇಡಿ.

ಹೆಚ್ಚು ಒಡವೆಗಳು ಕೆಡುವುದು ಪಾಲಿಶ್‌ನಲ್ಲಿ. ಆಗಿನ ಕೆಲಸಗಾರರು ಸೋರುಪ್ಪು, ಪಟಿಕ, ಅಡುಗೆ ಉಪ್ಪಿನ ಮಿಶ್ರಣದಲ್ಲಿ ಒಡವೆಯನ್ನು ಕಾಯಿಸಿ ಮೇಲ್ಪದರದ ತಾಮ್ರ, ಬೆಳ್ಳಿಯನ್ನು ಕರಗಿಸುತ್ತಿದ್ದರು. ಉಳಿಯುವುದು ಹೊಳಪಿಲ್ಲದ, ಏಪ್ರಿಕಾಟ್ ಹಣ್ಣಿನ ಮೈಯಂಥ ಹಳದಿ ಚರ್ಮ, ಅದೂ ತೀರಾ ತೆಳು. ಪಾಲಿಶ್ ಚಕ್ರಕ್ಕೆ ಒಮ್ಮೆ ಮುಟ್ಟಿಸಿದರೆ ಸಾಕು, ಉಬ್ಬಿದ ಕಡೆಯೆಲ್ಲ ಒಳಗಿನ ಮಿಶ್ರಲೋಹ ಪಳಪಳ ಎನ್ನುತ್ತದೆ. ಚಿನ್ನದ ಶುದ್ಧತೆ ಅಳೆಯುವ ಎಕ್ಸ್-ರೇ ಯಂತ್ರ ಓದುವುದೂ ಮೇಲ್ಪದರವನ್ನೇ, ಆದ್ದರಿಂದ ಇಂಥ ಒಡವೆಗೆ ಇರುವುದಕ್ಕಿಂತ ಹೆಚ್ಚು ಕ್ಯಾರೆಟ್ ತೋರಿಸಬಹುದು. ಸವೆದ ಅಂಚಿನಲ್ಲಿ ಇನ್ನೊಮ್ಮೆ ಹಿಡಿಸಿ.

ಹರಳಿನ ಹಿಂದೆ ಚಿನ್ನ ಮುಚ್ಚಿದ್ದರೆ ನೀರು ತಾಕಿಸಬಾರದು. ನಮ್ಮ ಕುಂದಣದ ಹಾಗೆ ಇಲ್ಲೂ ಹರಳಿನ ಅಡಿಗೆ ತೆಳು ತಗಡು ಇಟ್ಟಿರುತ್ತಾರೆ, ಬಣ್ಣ ಹೊಳೆಯುವುದು ಅದರಿಂದಲೇ. ಸೋಪಿನ ನೀರಲ್ಲೋ ಅಲ್ಟ್ರಾಸಾನಿಕ್ ತೊಟ್ಟಿಯಲ್ಲೋ ಅದ್ದಿದರೆ ತಗಡು ಕಪ್ಪಾಗಿ, ಗಾರ್ನೆಟ್‌ನಂಥ ಕೆಂಪು ಹರಳು ಸತ್ತ ಕಣ್ಣಿನಂತೆ ಕಾಣುತ್ತದೆ. ಮೆತ್ತನೆಯ ಒಣ ಬ್ರಶ್ ಸಾಕು. ಬೀಜಮುತ್ತುಗಳಿಗೂ, ಅಂದರೆ ಬೀಜದಷ್ಟು ಪುಟ್ಟ ಮುತ್ತುಗಳಿಗೂ, ಇದೇ ನಿಯಮ. ಕುದುರೆ ಕೂದಲಿನಲ್ಲಿ ಮುತ್ತಿನ ಚಿಪ್ಪಿನ ತಳಕ್ಕೆ ಕಟ್ಟಿದ್ದು, ನೆನೆದರೆ ಸಡಿಲವಾಗುತ್ತದೆ.

ಕಪ್ಪು ಒಡವೆಗಳ ಮಾತೇ ಬೇರೆ. 1861ರಲ್ಲಿ ವಿಕ್ಟೋರಿಯಾಳ ಪತಿ ಆಲ್ಬರ್ಟ್ ತೀರಿಕೊಂಡ ಮೇಲೆ ರಾಣಿಯ ಶೋಕದ ಜೊತೆಗೆ ಇಂಗ್ಲೆಂಡಿನ ಯಾರ್ಕ್‌ಷೈರ್‌ನ ವಿಟ್ಬಿಯ ಜೆಟ್‌ಗೂ ಬೇಡಿಕೆ ಏರಿತು. ಜೆಟ್ ಎಂದರೆ ಕಲ್ಲಿದ್ದಲಿನಂತಾದ ಹಳೆಯ ಮರ. ಕೈಗೆ ಹಗುರ, ಬೆಚ್ಚಗೆ. ಕಪ್ಪು ಗಾಜು ಭಾರ, ತಣ್ಣಗೆ. ಹೊಳಪಿಲ್ಲದ ಪಿಂಗಾಣಿಗೆ ಉಜ್ಜಿದರೆ ಕಂದು ಗೆರೆ ಬೀಳುವುದು ಜೆಟ್ ಎನ್ನುತ್ತಾರೆ, ಆದರೆ ಗಟ್ಟಿ ರಬ್ಬರಾದ ವಲ್ಕನೈಟ್ ಕೂಡ ಕಂದು ಗೆರೆಯನ್ನೇ ಬಿಡುತ್ತದೆ. ಅದನ್ನು ಬೇರೆ ಮಾಡಲು ಬೆರಳಿಂದ ಜೋರಾಗಿ ಉಜ್ಜಿ ಮೂಸಿ: ಗಂಧಕದ ವಾಸನೆ ಬಂದರೆ ರಬ್ಬರು. ಬಿಸಿಲು ಕಂಡ ವಲ್ಕನೈಟ್ ಕಂದಾಗುತ್ತದೆ, ಅಂಚಿನಲ್ಲಿ ಅಚ್ಚಿನ ಗೆರೆಯೂ ಸಿಗಬಹುದು. ಜೆಟ್‌ನ ಬೆನ್ನಲ್ಲಿ ಕಾಣುವುದು ಕೆತ್ತಿದ ಉಪಕರಣದ ಗೀರುಗಳು. ಕಾದ ಸೂಜಿ ಚುಚ್ಚಿ ನೋಡುವವರಿಗೆ ಮಾತ್ರ ಒಡವೆ ಕೊಡಬೇಡಿ.