ಶಾಟರಿಯ ಒಕ್ಕಲು ಮನೆ: ಹೊಗೆ ಹೋಗಿ ಅಟ್ಟ ಬಂದ ಕತೆ

ಶೇಕ್ಸ್‌ಪಿಯರ್‌ನ ಹೆಂಡತಿ ಆ್ಯನ್ ಹ್ಯಾಥವೇಯ ತವರುಮನೆಯ ಫೋಟೊ ನೀವೂ ಎಲ್ಲೋ ನೋಡಿರುತ್ತೀರಿ. ದಪ್ಪ ಹುಲ್ಲಿನ ಮಾಡು, ಕಪ್ಪು ಮರದ ಪಟ್ಟಿ, ನಡುವೆ ಬಿಳಿ ಗೋಡೆ. ಹೆಸರಿಗೆ ಕಾಟೇಜ್, ಆದರೆ ಒಳಗೆ 12 ಕೋಣೆಗಳಿವೆ. ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್ ಪಕ್ಕದ ಶಾಟರಿ ಎಂಬ ಹಳ್ಳಿಯಲ್ಲಿ ಸುಮಾರು 90 ಎಕರೆ ಗೇಣಿ ಮಾಡುತ್ತಿದ್ದ ಸ್ಥಿತಿವಂತ ರೈತರ ಮನೆ ಅದು.

ಅದರ ಹಳೇ ಭಾಗ 15ನೇ ಶತಮಾನದ್ದು. ಬುಡ ಕಲ್ಲಿನದು. ಬಾಗಿದ ಓಕ್ ದಿಮ್ಮಿಯನ್ನು ಉದ್ದಕ್ಕೆ ಸೀಳಿ, ಎರಡು ಹೋಳುಗಳನ್ನು ಎದುರುಬದುರು ನಿಲ್ಲಿಸಿ, ಮೇಲೆ ತುದಿಯಲ್ಲಿ ಕೂಡಿಸುತ್ತಿದ್ದರು. ಇಂಥ ಜೋಡಿಗಳೇ ಮಾಡಿನ ಭಾರ ಹೊರುತ್ತವೆ, ಗೋಡೆಗೆ ಆ ಕೆಲಸವಿಲ್ಲ. ಹಾಗಾಗಿ ಗೋಡೆಗೆ ಕಡ್ಡಿಯ ತಡಿಕೆ ಹೆಣೆದು ಮಣ್ಣು ಮೆತ್ತಿದರೆ ಸಾಕಾಗುತ್ತಿತ್ತು.

ಆ ಕಾಲದಲ್ಲಿ ಇಂಥ ಮನೆಗಳಲ್ಲಿ ಚಿಮಣಿ ಇರಲಿಲ್ಲ. ಪಡಸಾಲೆಯ ನಡುವೆ ನೆಲದ ಮೇಲೇ ಬೆಂಕಿ, ಹೊಗೆ ಮೇಲಕ್ಕೇರಿ ಹುಲ್ಲಿನ ಸಂದಿಯಲ್ಲಿ ಹೇಗೋ ಹೊರಗೆ ಹೋಗಬೇಕು. ಇಂಗ್ಲೆಂಡಿನ ಎಷ್ಟೋ ಹಳೇ ಮನೆಗಳ ತೊಲೆಗಳಿಗೆ ಆ ಮಸಿ ಇವತ್ತಿಗೂ ಅಂಟಿಕೊಂಡಿದೆ. ಹೊಗೆ ತುಂಬಿದ ಕಡೆ ಅಟ್ಟ ಕಟ್ಟಿ ಮಲಗೋದು ಹೇಗೆ ಅಲ್ವಾ?

16ನೇ ಶತಮಾನದಲ್ಲಿ ಚಿಮಣಿ ಬಂತು ನೋಡಿ, ಮನೆಯ ಲೆಕ್ಕವೇ ಬದಲಾಯಿತು. ಹೊಗೆ ಒಂದು ಕೊಳವೆಗೆ ಸೇರಿತು, ಪಡಸಾಲೆಯ ಮೇಲೆ ಅಟ್ಟ ಹಾಕಿದರು, ಒಂದೇ ದೊಡ್ಡ ಕೋಣೆಯಿದ್ದ ಜಾಗದಲ್ಲಿ ಕೆಳಗೂ ಮೇಲೂ ಕೋಣೆಗಳಾದವು. ಸುಮಾರು 1570ರಿಂದ 1640ರವರೆಗೆ ಇಂಗ್ಲೆಂಡಿನ ಹಳ್ಳಿಗಳೆಲ್ಲ ಹೀಗೇ ಮರುಕಟ್ಟಲ್ಪಟ್ಟವು ಎಂದು ಇತಿಹಾಸಕಾರ ಡಬ್ಲ್ಯು. ಜಿ. ಹಾಸ್ಕಿನ್ಸ್ 1953ರಲ್ಲಿ ಬರೆದರು. ಎಲ್ಲ ಕಡೆಯೂ ಅದೇ ಹೊತ್ತಿಗೆ ಆಗಲಿಲ್ಲ ಎಂದು ಆಮೇಲಿನವರು ತಕರಾರು ತೆಗೆದರು. ಶಾಟರಿಯ ಮನೆಯಂತೂ ಹಾಸ್ಕಿನ್ಸ್ ಮಾತಿಗೆ ಚೆನ್ನಾಗಿಯೇ ಹೊಂದುತ್ತದೆ. 1610ರಲ್ಲಿ ಆ್ಯನ್‌ಳ ಸೋದರ ಬಾರ್ತಲೊಮ್ಯೂ ಗೇಣಿಯ ಮನೆಯನ್ನು ಸ್ವಂತಕ್ಕೆ ಕೊಂಡ. ಕೈಯಲ್ಲಿ ದುಡ್ಡಿತ್ತು, ಮನೆಯನ್ನು ಬೆಳೆಸಿದ. ಹೊರಗೆ ನಿಂತು ಮಾಡಿನ ಸಾಲನ್ನೇ ನೋಡಿದರೂ ಗೊತ್ತಾಗುತ್ತದೆ: ಒಂದು ತುದಿ ಎತ್ತರ, ಇನ್ನೊಂದು ತಗ್ಗು, ಒಂದೇ ಸಲಕ್ಕೆ ಕಟ್ಟಿದ ಮನೆಯಲ್ಲ.

ಮುಂದೆ ಕುಟುಂಬದ ಕೈ ಬರಿದಾಯಿತು. 19ನೇ ಶತಮಾನದಲ್ಲಿ ಮನೆ ಮಾರಿದರು, ಅದೇ ಮನೆಯಲ್ಲಿ ಬಾಡಿಗೆಗೆ ಉಳಿದರು, ಒಂದಿದ್ದ ಮನೆ ತುಂಡು ತುಂಡಾಗಿ ಬೇರೆ ಬೇರೆ ವಾಸವಾಯಿತು. ಇದು ಅವರೊಬ್ಬರ ಕತೆಯಲ್ಲ. ಉಳ್ಳ ರೈತರು ಇಟ್ಟಿಗೆಯ ಹೊಸ ಮನೆಗೆ ಹೋದಾಗ ಹಳೇ ಒಕ್ಕಲು ಮನೆಗಳನ್ನು ಪಾಲು ಮಾಡಿ ಕೂಲಿಯವರಿಗೆ ಬಾಡಿಗೆಗೆ ಕೊಡುವುದು ಆಗ ಎಲ್ಲೆಡೆ ನಡೆಯುತ್ತಿತ್ತು. ಅದಕ್ಕೆ ಅನುಕೂಲ ಮಾಡಿಕೊಟ್ಟದ್ದೂ ಆ ಚಿಮಣಿಗಳೇ ಎಂದು ನನಗನ್ನಿಸುತ್ತದೆ. ಬೆಂಕಿ ಒಂದೇ ಕಡೆ ಇದ್ದಾಗ ಮನೆ ಒಡೆಯುವುದು ಕಷ್ಟ. ಎರಡು ಮೂರು ಕಡೆ ಚಿಮಣಿ ಇದ್ದರೆ ನಡುವೆ ಒಂದು ಅಡ್ಡಗೋಡೆ, ಹೊರಗೊಂದು ಬಾಗಿಲು, ಅಷ್ಟೇ, ಬೇರೆ ಒಲೆ ಹೂಡಬಹುದು. ಇವತ್ತು ಹಳೇ ಫಾರ್ಮ್‌ಹೌಸ್‌ಗೆ ಅಂಟಿಕೊಂಡ ಪುಟ್ಟ ಕಾಟೇಜ್ ಕಂಡರೆ, ಅದು ಆಮೇಲೆ ಸೇರಿಸಿದ್ದೇ ಆಗಿರಬೇಕಿಲ್ಲ, ದೊಡ್ಡ ಮನೆಯಿಂದಲೇ ಕತ್ತರಿಸಿದ ಪಾಲೂ ಆಗಿರಬಹುದು.

ಶಾಟರಿಯ ಮನೆಯನ್ನು 1892ರಲ್ಲಿ ಶೇಕ್ಸ್‌ಪಿಯರ್ ಜನ್ಮಸ್ಥಳ ಟ್ರಸ್ಟ್ ಕೊಂಡಿತು. ಹ್ಯಾಥವೇ ವಂಶದ ಮೇರಿ ಬೇಕರ್ ಎಂಬ ಅಜ್ಜಿಯನ್ನು ಅಲ್ಲೇ ಉಳಿಸಿಕೊಂಡಿತು, ಬಂದವರಿಗೆ ಮನೆ ತೋರಿಸುವ ಕೆಲಸ ಅವರದ್ದು. 1969ರಲ್ಲಿ ಬೆಂಕಿ ಬಿದ್ದು ಮಾಡು ಹಾಳಾಯಿತು, ಮತ್ತೆ ಹುಲ್ಲು ಹೊದಿಸಿ ರಿಪೇರಿ ಮಾಡಿದರು. ಈಗ ಅದು ಮೊದಲ ದರ್ಜೆಯ ಸಂರಕ್ಷಿತ ಕಟ್ಟಡ. ಬಾರ್ತಲೊಮ್ಯೂ ತನಗೆ ಬೇಕಾದಂತೆ ಬೆಳೆಸಿದ ಆ ಮನೆಯಲ್ಲಿ ಇವತ್ತು ಅನುಮತಿಯಿಲ್ಲದೆ ಒಂದು ಅಡ್ಡಗೋಡೆಯನ್ನೂ ತೆಗೆಯುವಂತಿಲ್ಲ.