ಬ್ರೇಕ್ ಆಯಿಲ್ ನೀರು ಕುಡಿದಾಗ

ನಂದಿಬೆಟ್ಟದಿಂದ ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದು, ತಪ್ಪಲಲ್ಲಿ ಕಾರು ನಿಲ್ಲಿಸಿ, ಸುಟ್ಟ ಜೋಳ ತಿಂದು ಮತ್ತೆ ಹೊರಟಾಗ ಪೆಡಲ್ ಮೆತ್ತಗೆ ಒಳಗೆ ಹೋಗಬಹುದು. ಇಳಿಯುವಾಗ ಸರಿಯಿದ್ದದ್ದು ನಿಂತ ಮೇಲೆ ಕೆಟ್ಟಿತೇಕೆ? ಓಡುವಾಗ ಚಕ್ರದೊಂದಿಗೆ ತಿರುಗುವ ಬ್ರೇಕ್ ಡಿಸ್ಕಿಗೆ ಗಾಳಿ ಬೀಸುತ್ತಿರುತ್ತದೆ. ನಿಂತರೆ ಅದಿಲ್ಲ; ಕಾದ ಡಿಸ್ಕು, ಪ್ಯಾಡುಗಳ ಬಿಸಿ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನೊಳಗಿನ ಬ್ರೇಕ್ ಆಯಿಲ್‌ಗೆ ಏರುತ್ತದೆ.

ಬಿಸಿಯೂ ಸಣ್ಣದಲ್ಲ. 1,200 ಕೆಜಿ ಕಾರು 500 ಮೀಟರ್ ಎತ್ತರ ಇಳಿದರೆ ಸುಮಾರು 59 ಲಕ್ಷ ಜೂಲ್ ಶಕ್ತಿ. ಶುದ್ಧ ನೀರಿನ ಘಟಕದಿಂದ ತರುವ 20 ಲೀಟರ್ ಕ್ಯಾನಿನ ನೀರನ್ನು ಕುದಿಯುವ ಹತ್ತಿರಕ್ಕೆ ತರಲು ಅಷ್ಟು ಸಾಕು. ಎರಡನೇ ಗೇರಿನಲ್ಲಿ ಇಳಿದರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ ಹೊರುತ್ತದೆ.

ಬ್ರೇಕ್ ಆಯಿಲ್ ಎಂಬ ಹೆಸರೇ ದಾರಿ ತಪ್ಪಿಸುವಂಥದ್ದು, ಅದು ಎಣ್ಣೆಯಲ್ಲ. ನಮ್ಮ ಕಾರುಗಳಲ್ಲಿರುವುದು ಗ್ಲೈಕಾಲ್ ಜಾತಿಯ ದ್ರವ, ಪೆಡಲ್ ಒತ್ತಿದ ಬಲವನ್ನು ಚಕ್ರದ ಬ್ರೇಕಿಗೆ ಒಯ್ಯುವುದು ಅದೇ. ಮಳೆಗಾಲದ ಉಪ್ಪಿನಂತೆ ತೇವ ಎಳೆದುಕೊಳ್ಳುತ್ತದೆ, ರಬ್ಬರ್ ಹೋಸುಗಳ ಮೂಲಕವೂ. ಹೊಸ ಡಾಟ್ 4 (ಬ್ರೇಕ್ ದ್ರವದ ಒಂದು ದರ್ಜೆ) ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. 3.7 ಶೇಕಡಾ ನೀರು ಸೇರಿದಾಗ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಕುದಿದು ಗುಳ್ಳೆ ಎದ್ದರೆ ಕಾಲಿನ ಬಲವೆಲ್ಲ ಗುಳ್ಳೆ ಅದುಮುವುದರಲ್ಲೇ ಮುಗಿಯುತ್ತದೆ.

ಹಾಗಾಗಿ 'ಬಾನೆಟ್ಟಿನಡಿಯ ಬ್ರೇಕ್ ಆಯಿಲ್ ಡಬ್ಬಿ ಫುಲ್ ಇದೆ' ಎಂಬ ಮಾತಿಗೆ ಅರ್ಥವಿಲ್ಲ. ಬಣ್ಣವೂ ನಂಬಿಕೆಗೆ ಅರ್ಹವಲ್ಲ. ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬದಲಿಸಬೇಕು. ನಿಮ್ಮ ಕಾರಿನ ಕೈಪಿಡಿ ಬೇರೆ ಹೇಳಿದರೆ ಅದೇ ಸರಿ. ಮಟ್ಟ ಇಳಿದಿದ್ದರೆ ಮೊದಲು ಪ್ಯಾಡ್ ನೋಡಿ. ಅವು ಸವೆದಷ್ಟೂ ಅವನ್ನು ಒತ್ತುವ ಪಿಸ್ಟನ್ ಹೊರಬಂದು ಡಬ್ಬಿಯ ಮಟ್ಟ ಇಳಿಯುತ್ತದೆ. ಆಗ ತುಂಬಿಸಿಟ್ಟರೆ, ಹೊಸ ಪ್ಯಾಡ್ ಹಾಕಲು ಪಿಸ್ಟನ್ ಒಳತಳ್ಳಿದ ದಿನ ದ್ರವ ಉಕ್ಕಿ ಬಾನೆಟ್ಟಿನಡಿ ಪೇಂಟ್ ಕಿತ್ತುಬರುತ್ತದೆ. ಚೆಲ್ಲಿದರೆ ಒರೆಸುತ್ತ ಕೂರಬೇಡಿ, ತಕ್ಷಣ ಧಾರಾಳ ನೀರು ಹಾಕಿ. ಪ್ಯಾಡ್ ದಪ್ಪವಾಗಿದ್ದೂ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ, ಚಕ್ರಗಳ ಒಳಬದಿ ಒದ್ದೆಯಿದೆಯೇ ನೋಡಿ.

ಬದಲಿಸಲು 1 ಲೀಟರ್ ಸಾಮಾನ್ಯವಾಗಿ ಸಾಕು. ಡಬ್ಬಿಯ ಹಳೆಯದನ್ನು ಸಿರಿಂಜಿನಲ್ಲಿ ಎಳೆದು ಹೊಸದನ್ನು ಮ್ಯಾಕ್ಸ್ ಗೆರೆಯವರೆಗೆ ತುಂಬಿ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬ್ರೇಕಿನಲ್ಲಿ ದ್ರವ ಹೊರಬಿಡುವ ನಿಪ್ಪಲ್ ಸಡಿಲಿಸಿ, ಪೆಡಲ್ ಬಿಡುವ ಮೊದಲೇ ಬಿಗಿ ಮಾಡಬೇಕು. ಈ ಕ್ರಮ ತಪ್ಪಿದರೆ ಗಾಳಿ ಒಳಗೆ. ಡಬ್ಬಿ ಖಾಲಿಯಾಗಲು ಬಿಟ್ಟರೂ ಅಷ್ಟೇ. ನಿಪ್ಪಲ್ಲಿಗೆ ಹಾಕಿದ ಪಾರದರ್ಶಕ ಟ್ಯೂಬಿನಲ್ಲಿ ತಿಳಿ ದ್ರವ ಬರುವವರೆಗೆ ಮುಂದುವರಿಸಿ.

ಎಂಜಿನ್ ಆಯಿಲ್ ಒಂದು ಹನಿಯೂ ಬೇಡ, ರಬ್ಬರ್ ಸೀಲುಗಳು ಊದಿಕೊಳ್ಳುತ್ತವೆ. ಡಾಟ್ 5 ಕೂಡ ಬೇಡ. ಅದು ಸಿಲಿಕೋನ್, ಗ್ಲೈಕಾಲ್ ಜೊತೆ ಬೆರೆಯದು, 5.1 ಮಾತ್ರ ಹೆಸರು ಹೋಲುವ ಗ್ಲೈಕಾಲೇ. ಉಳಿದ ಅರ್ಧ ಬಾಟಲಿಯನ್ನು ಶೆಡ್ಡಿನ ಅಟ್ಟದಲ್ಲಿ ಮುಂದಿನ ಸರ್ವೀಸಿಗೆಂದು ಎತ್ತಿಡಬೇಡಿ, ಒಮ್ಮೆ ತೆರೆದದ್ದು ಅಲ್ಲೂ ನೀರು ಕುಡಿಯುತ್ತಿರುತ್ತದೆ.